ಸ್ಕ್ವಾಡ್ ಕಟ್ಟುವುದು (ವಿಡಿಯೊ ಆಟ)

ಕೂಡಿ ಆಡುವ ವಿಡಿಯೊ ಆಟಗಳಲ್ಲಿ ಬೇರೆ ಬೇರೆ ಗುಣದ ಪಾತ್ರಗಳನ್ನು ಆಯ್ದು, ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಹೊಂದಿಸಿ, ತಂಡದ ಬಲ ಹೆಚ್ಚಿಸಿಕೊಳ್ಳುವ ಕೆಲಸ. ಸಾಮಾನ್ಯವಾಗಿ ನಾಲ್ವರ ತಂಡಕ್ಕೆ ಸ್ಕ್ವಾಡ್ ಎನ್ನುತ್ತಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳ ಹುಡುಗರ ಬಾಯಲ್ಲಿ ಈ ಮಾತು ನೆಲೆಯೂರುವುದಕ್ಕೆ ಮುಖ್ಯ ಕಾರಣ ಫ್ರೀ ಫೈರ್ ಎಂಬ ಮೊಬೈಲ್ ಆಟ. ಪಾತ್ರಗಳಿಗೆ ಒಂದೊಂದು ಕೌಶಲ ಕೊಟ್ಟು, ಅವನ್ನು ಬೆರೆಸುವ ಸ್ವಾತಂತ್ರ್ಯವನ್ನು ಆಟಗಾರನಿಗೇ ಬಿಟ್ಟ ಆಟ ಇದು. ಆದ್ದರಿಂದ ಇಲ್ಲಿನ ವಿವರಣೆ ಹೆಚ್ಚಾಗಿ ಅದನ್ನೇ ಹಿಡಿದು ಸಾಗುತ್ತದೆ.

ಬೆರಕೆಯ ಲೆಕ್ಕ

ಬ್ಯಾಡಗಿಯವರಿಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಿಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಬಣ್ಣಕ್ಕೆ. ಅದರ ಖಾರ ಕಡಿಮೆ. ಪುಡಿ ಮಾಡಿಸುವವರು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಬೆರೆಸುತ್ತಾರೆ. ಬರೀ ಗುಂಟೂರಾದರೆ ಸಾರಿಗೆ ಆ ಕೆಂಪು ಬರುವುದಿಲ್ಲ. ಬರೀ ಬ್ಯಾಡಗಿಯಾದರೆ ಗಂಗಾಳ ಕೆಂಪಗೆ ಕಾಣುತ್ತದೆ, ನಾಲಿಗೆ ಚುರುಗುಟ್ಟುವುದಿಲ್ಲ. ಮಾರುಕಟ್ಟೆಯಲ್ಲಿ ಹೆಚ್ಚು ದರ ಕಂಡ ಕಾಯಿಯನ್ನೇ ತಂದು ತುಂಬಿದರೆ ಒಳ್ಳೆಯ ಪುಡಿ ಆಗುತ್ತದೆಂಬ ಭರವಸೆ ಇಲ್ಲ. ಸ್ಕ್ವಾಡ್ ಕಟ್ಟುವವರು ಮಾಡುವ ಮೊದಲ ತಪ್ಪೂ ಇದೇ: ದುಬಾರಿ ಪಾತ್ರ ಕೊಂಡರೆ ಬಲ ತಾನಾಗಿ ಬರುತ್ತದೆಂದು ನಂಬುವುದು.

ಇನ್ನೊಂದು ಹಳೆಯ ನಿದರ್ಶನ ಹುಲಿ-ಕುರಿ ಆಟ. ಸಾಮಾನ್ಯ ರೂಪದಲ್ಲಿ ಮೂರು ಹುಲಿ, ಹದಿನೈದು ಕುರಿ. ಒಂಟಿ ಕುರಿಯನ್ನು ಹುಲಿ ಹಾರಿ ತಿನ್ನುತ್ತದೆ. ಹಿಂದಿನ ಮನೆಯಲ್ಲಿ ಇನ್ನೊಂದು ಕುರಿ ಕೂತಿದ್ದರೆ ಹಾರಲಾಗದು. ಕುರಿಗೆ ಸ್ವಂತ ಬಲವಿಲ್ಲ, ಬಲವಿರುವುದು ಜಾಗದಲ್ಲಿ. ಕರ್ನಾಟಕದ ಎಷ್ಟೋ ಗುಡಿಗಳ ಕಲ್ಲುಹಾಸಿನಲ್ಲಿ ಇದರ ಮನೆಗಳನ್ನು ಕೊರೆದಿದ್ದಾರೆ. ಇವತ್ತು ಅಂಥ ಕಟ್ಟೆಗಳ ಮೇಲೆಯೇ ಹುಡುಗರು ಫೋನ್ ಹಿಡಿದು ಕೂರುತ್ತಾರೆ.

ಹಿನ್ನೆಲೆ

ಪಾತ್ರಕ್ಕೊಂದು ಗುಣ, ಗುಣಕ್ಕೊಂದು ಅಂಕಿ ಎಂಬ ಪದ್ಧತಿ ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಾಗದ, ಪೆನ್ಸಿಲ್, ದಾಳಗಳ ಆಟ. ಅಟಾರಿ ಕಂಪನಿಯ ಗಾಂಟ್ಲೆಟ್ (1985) ಒಂದೇ ಯಂತ್ರದ ಮುಂದೆ ನಾಲ್ವರನ್ನು ನಿಲ್ಲಿಸಿ ಒಬ್ಬನಿಗೆ ತೋಳ್ಬಲ, ಒಬ್ಬನಿಗೆ ಮಂತ್ರ, ಒಬ್ಬನಿಗೆ ಓಟ ಎಂದು ಹಂಚಿತು. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕಾಲಕ್ಕೆ ಏಟು ತಿನ್ನುವವ, ಏಟು ಹಾಕುವವ, ಗಾಯ ಮಾಯಿಸುವವ ಎಂಬ ಮೂರು ಪಾಲು ಗಟ್ಟಿಯಾಗಿ ನಿಂತಿತ್ತು. ಮುಂದಿನ ಎಷ್ಟೋ ಆಟಗಳು ಈ ಮೂರನ್ನೇ ತಿರುವಿ ಮುರುವಿ ಬಳಸಿವೆ. ಜೋಡಣೆಯ ಲಾಭವನ್ನು ಗೆನ್ಶಿನ್ ಇಂಪ್ಯಾಕ್ಟ್ (2020) ಬಾಯಿಬಿಟ್ಟೇ ಹೇಳಿತು: ತಂಡದಲ್ಲಿ ಬೆಂಕಿ ಗುಣದವರು ಇಬ್ಬರಿದ್ದರೆ ದಾಳಿಯ ಬಲ ಶೇ. 25 ಏರುತ್ತದೆ.

ಫ್ರೀ ಫೈರ್ ಬಂದದ್ದು 2017ರಲ್ಲಿ. ಸಿಂಗಪುರದ ಸೀ ಲಿಮಿಟೆಡ್‌ನ ಅಂಗಸಂಸ್ಥೆ ಗರೇನಾ ಇದರ ಪ್ರಕಾಶಕ. ಐವತ್ತು ಜನ ವಿಮಾನದಿಂದ ಒಂದು ದ್ವೀಪಕ್ಕೆ ಜಿಗಿಯುತ್ತಾರೆ. ಸುರಕ್ಷಿತ ವಲಯ, ಹುಡುಗರ ಮಾತಿನ ‘ಝೋನ್’, ಕಿರಿದಾಗುತ್ತ ಹೋಗುತ್ತದೆ. ಕೊನೆಗೆ ಉಳಿದ ತಂಡಕ್ಕೆ ‘ಬೂಯಾ’. ಇದೇ ಬಗೆಯ ಇನ್ನೊಂದು ಆಟ ಪಬ್‌ಜಿ ಮೊಬೈಲ್‌ನಲ್ಲಿ ನೂರು ಜನ, ಅರ್ಧ ಗಂಟೆ ಹಿಡಿಯುವ ಪಂದ್ಯ, ಭಾರಿ ಫೋನ್ ಬೇಕು. ಫ್ರೀ ಫೈರ್‌ಗೆ ಹತ್ತು ಹದಿನೈದು ನಿಮಿಷ ಸಾಕು, ಕಡಿಮೆ ಬೆಲೆಯ ಫೋನಿನಲ್ಲೂ ಓಡುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಅಪ್ಪನ ಹಳೆಯ ಫೋನ್ ಮಗನ ಕೈಗೆ ಬಂದ ಊರುಗಳಲ್ಲಿ ಯಾವ ಆಟ ಗೆಲ್ಲಬೇಕಿತ್ತೋ ಅದೇ ಗೆದ್ದಿತು.

ಹದಿನಾರು ಖಾನೆ

ಆರಂಭದಲ್ಲಿ ಸಿಗುತ್ತಿದ್ದ ಆದಮ್ ಮತ್ತು ಈವ್ ಎಂಬ ಪಾತ್ರಗಳಿಗೆ ಯಾವ ಕೌಶಲವೂ ಇರಲಿಲ್ಲ. ಉಳಿದ ಪಾತ್ರಗಳಿಗೆ ಒಂದೊಂದು. ಕೌಶಲಗಳಲ್ಲಿ ಎರಡು ಜಾತಿ: ಗುಂಡಿ ಒತ್ತಿದಾಗ ಮಾತ್ರ ನಡೆಯುವ ಆ್ಯಕ್ಟಿವ್, ತನ್ನಷ್ಟಕ್ಕೆ ನಡೆಯುತ್ತಿರುವ ಪ್ಯಾಸಿವ್. ಆಟಗಾರ ತನ್ನ ಬಳಿ ಇರುವ ಬೇರೆ ಪಾತ್ರಗಳ ಕೌಶಲವನ್ನು ಆಡುವ ಪಾತ್ರಕ್ಕೆ ತೊಡಿಸಬಹುದು. ಬಹುಕಾಲ ನಡೆದುಬಂದ ಪದ್ಧತಿಯಂತೆ ಒಬ್ಬನಿಗೆ ನಾಲ್ಕು ಖಾನೆ: ಒಂದು ಆ್ಯಕ್ಟಿವ್, ಮೂರು ಪ್ಯಾಸಿವ್. ಇದಕ್ಕೆ ಕಾಂಬಿನೇಷನ್ ಎನ್ನುತ್ತಾರೆ. ಜೊತೆಗೊಂದು ಸಾಕುಪ್ರಾಣಿ, ಅದಕ್ಕೂ ಒಂದು ಗುಣ.

ಹೆಚ್ಚಿನವರು ಈ ನಾಲ್ಕು ಖಾನೆಯ ಲೆಕ್ಕದಲ್ಲೇ ನಿಂತುಬಿಡುತ್ತಾರೆ. ನಿಜವಾದ ಲೆಕ್ಕ ಶುರುವಾಗುವುದು ನಾಲ್ವರ ಖಾನೆಗಳನ್ನು ಒಂದೇ ಹಾಳೆಯಲ್ಲಿ ಬರೆದಾಗ. ಆಗ ಹದಿನಾರು ಖಾನೆಗಳಾಗುತ್ತವೆ, ಅದರಲ್ಲಿ ಗುಂಡಿ ಒತ್ತುವಂಥವು ನಾಲ್ಕೇ. ಆ ನಾಲ್ಕರಲ್ಲಿ ಒಂದು ಪೋಲಾದರೂ ತಂಡದ ಆ್ಯಕ್ಟಿವ್ ಬಲದ ಕಾಲುಭಾಗ ಹೋದಂತೆ.

ಬ್ರೆಜಿಲಿನ ಡಿಜೆ ಅಲೋಕ್ ಹೆಸರಿನಲ್ಲಿ 2019ರಲ್ಲಿ ಬಂದ ಪಾತ್ರವನ್ನೇ ನೋಡಿ. ಗುಂಡಿ ಒತ್ತಿದರೆ ಸುತ್ತ ಐದು ಮೀಟರಿನೊಳಗಿನ ಗೆಳೆಯರಿಗೆ ಓಟ ಹೆಚ್ಚುತ್ತಿತ್ತು, ಪ್ರಾಣಾಂಕ ಸೆಕೆಂಡಿಗೆ 5ರಂತೆ ಮರಳುತ್ತಿತ್ತು. ಒಬ್ಬನ ಪೂರ್ಣ ಪ್ರಾಣಾಂಕ 200. ಆಗಿನ ಆರನೇ ಮಟ್ಟದ ಅಲೋಕ್ ಹತ್ತು ಸೆಕೆಂಡು ಹಾಡಿಸಿದರೆ ತಲೆಗೆ 50 ಸಿಗುತ್ತಿತ್ತು, ಅಂದರೆ ಜೀವದ ಕಾಲುಪಾಲು. ಹೀಗಾಗಿ ಎಲ್ಲರಿಗೂ ಅಲೋಕ್ ಬೇಕಾಯಿತು. ಆದರೆ ಆಟದ ವಿವರಣೆಯಲ್ಲೇ ಒಂದು ಸಾಲು ಇದೆ, ಓದುವವರು ಕಡಿಮೆ: ಈ ಪರಿಣಾಮ ಒಂದರ ಮೇಲೊಂದು ಕೂಡುವುದಿಲ್ಲ. ಇಬ್ಬರು ಅಲೋಕ್‌ಗಳು ಒಟ್ಟಿಗೆ ಒತ್ತಿದರೂ ಸೆಕೆಂಡಿಗೆ ಬರುತ್ತಿದ್ದುದು ಐದೇ, ಹತ್ತಲ್ಲ.

ಎಬ್ಬಿಸುವವರು

ಸಂಜೆ ಹೊತ್ತು ಗುಡಿಕಟ್ಟೆಯ ಮೇಲೋ ಅಂಗಡಿ ಮುಂಗಟ್ಟಿನ ಮೆಟ್ಟಿಲ ಮೇಲೋ ನಾಲ್ವರು ಸಾಲಾಗಿ ಕೂತಿರುತ್ತಾರೆ. ಫೋನುಗಳು ಕಾದಿರುತ್ತವೆ, ಒಬ್ಬನದಕ್ಕೆ ಪವರ್ ಬ್ಯಾಂಕಿನ ದಾರ ಸಿಕ್ಕಿಸಿರುತ್ತದೆ. ತಲೆ ಎತ್ತುವವರಿಲ್ಲ, ಮಾತು ಮಾತ್ರ ಕೇಳುತ್ತದೆ. “ನಾಕ್ ಆಗೇನಲೇ, ಗ್ಲೂ ಹಾಕಿ ಎಬ್ಬಿಸ್.” “ತಡೀಲೇ, ಝೋನ್ ಬರಾಕತ್ತೈತಿ.” ಈ ಎರಡು ಮಾತಿನ ನಡುವಿನ ಕೆಲವು ಸೆಕೆಂಡುಗಳಲ್ಲೇ ಸ್ಕ್ವಾಡಿನ ಗುಟ್ಟೆಲ್ಲ ಅಡಗಿದೆ.

ತಂಡದ ಆಟದಲ್ಲಿ ಏಟು ಬಿದ್ದವ ಕೂಡಲೇ ಸಾಯುವುದಿಲ್ಲ; ನಾಕ್ ಆಗಿ ಅಂಬೆಗಾಲಲ್ಲಿ ತೆವಳುತ್ತಾನೆ, ಪ್ರಾಣ ಸೋರುತ್ತಿರುತ್ತದೆ. ಗೆಳೆಯ ಬಂದು ಪಕ್ಕದಲ್ಲಿ ಕುಕ್ಕರಿಸಿ ಎಬ್ಬಿಸಬೇಕು. ಎಬ್ಬಿಸುತ್ತಿರುವವನು ಆ ಹೊತ್ತಿನಲ್ಲಿ ಗುಂಡು ಹೊಡೆಯಲಾರ. ಇಬ್ಬರೂ ಬಯಲಲ್ಲಿ ಸಿಕ್ಕಿಬಿದ್ದಿರುತ್ತಾರೆ. ಅದಕ್ಕೇ ಮೊದಲು ಗ್ಲೂ ವಾಲ್ ಎಸೆದು ಮರೆ ಕಟ್ಟಿಕೊಳ್ಳುವುದು. ಥೀವಾ ಎಂಬ ಪಾತ್ರದ ಕೌಶಲವಿದ್ದರೆ ಎಬ್ಬಿಸುವ ಕಾಲ ಕಡಿಮೆಯಾಗುತ್ತದೆ, ಎಬ್ಬಿಸಿದವನಿಗೂ ಒಂದಿಷ್ಟು ಪ್ರಾಣ ಮರಳುತ್ತದೆ. ಡಿಮಿಟ್ರಿಯ ವೃತ್ತದೊಳಗೆ ಬಿದ್ದವನಾದರೆ ತಾನೇ ಎದ್ದು ನಿಲ್ಲಬಲ್ಲ. ನರ್ಸ್ ಪಾತ್ರವಾದ ಒಲಿವಿಯಾಳ ಮೂಲ ಗುಣ ಎಬ್ಬಿಸಿದವನಿಗೆ ಹೆಚ್ಚುವರಿ ಪ್ರಾಣಾಂಕ ಕೊಡುವುದಾಗಿತ್ತು. ಕಪೆಲ್ಲಾ ಎಂಬ ಹಾಡುಗಾರ್ತಿ ಇಂಥ ಉಪಚಾರಗಳ ಪರಿಣಾಮವನ್ನೇ ಹೆಚ್ಚಿಸುತ್ತಾಳೆ. ಡಿಮಿಟ್ರಿ, ಥೀವಾ, ಕಪೆಲ್ಲಾ ಮೂವರನ್ನೂ ಒಬ್ಬನ ಖಾನೆಗೇ ಸೇರಿಸಿ ಅವನನ್ನು ನಡುವೆ ಇಟ್ಟುಕೊಂಡ ತಂಡ ಬಿದ್ದರೂ ಏಳುತ್ತದೆ.

ಮುಂದೆ ನುಗ್ಗುವವನಿಗೆ ಬೇರೆ ಜೋಡಣೆ. ಓಟದ ವೇಗಕ್ಕೆ ಕೆಲ್ಲಿ. ಪ್ರಾಣ ಇಳಿದಷ್ಟೂ ಎದುರಾಳಿಯ ಕವಚ ಭೇದಿಸುವ ಹಯಾಟೊ. ಒಬ್ಬನನ್ನು ಕೆಡವಿದ ಕೂಡಲೇ ಬಂದೂಕಿಗೆ ಗುಂಡು ತುಂಬಿಕೊಡುವ ಜೈ. ಈ ಜೈ ಹೃತಿಕ್ ರೋಷನ್‌ರ ಹೋಲಿಕೆಯಲ್ಲಿ 2020ರಲ್ಲಿ ಬಂದ ಪಾತ್ರ. ದೂರದಿಂದ ಹೊಡೆಯುವವನಿಗೆ ಲಾರಾಳ ಗುರಿ, ರಫೇಲ್‌ನ ಸದ್ದಡಗಿಸುವ ಗುಣ.

ನಾಲ್ಕನೆಯವನಿಗೆ ಮೋಕೊ ಎಂಬ ಪಾತ್ರ. ಅವಳ ಗುಣ ತೊಟ್ಟವನ ಗುಂಡು ತಗುಲಿದ ಎದುರಾಳಿಯ ಜಾಗ ಕೆಲವು ಸೆಕೆಂಡು ಗುರುತಾಗಿ ಉಳಿಯುತ್ತದೆ, ಆ ಗುರುತು ಗೆಳೆಯರಿಗೂ ಕಾಣುತ್ತದೆ. ಸ್ಕ್ವಾಡಿನ ಮಟ್ಟಿಗೆ ಇದಕ್ಕಿಂತ ಅಗ್ಗದ ಲಾಭ ಬೇರೊಂದಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಸಾಕುಪ್ರಾಣಿಗಳಲ್ಲಿ ಫಾಲ್ಕೊ ಎಂಬ ಗಿಡುಗವೂ ಹಾಗೆಯೇ: ವಿಮಾನದಿಂದ ಇಳಿಯುವ ವೇಗವನ್ನು ಅದು ಇಡೀ ತಂಡಕ್ಕೆ ಹೆಚ್ಚಿಸುತ್ತದೆ. ಒಬ್ಬ ಇಟ್ಟುಕೊಂಡರೆ ಸಾಕು, ಉಳಿದ ಮೂವರು ಬೇರೆ ಪ್ರಾಣಿ ತರಬಹುದು. ಗ್ಲೂ ವಾಲ್ ಮುಗಿದಾಗ ಹೊಸದು ಕೊಡುವ ಮಿಸ್ಟರ್ ವ್ಯಾಗರ್ ಎಂಬ ಪೆಂಗ್ವಿನ್ ನಡುವಿನವನಿಗೆ ಸರಿ.

ನಾಲ್ವರು ನಾಲ್ವರನ್ನು ಎದುರಿಸುವ ಕ್ಲ್ಯಾಶ್ ಸ್ಕ್ವಾಡ್ ಪಂದ್ಯದಲ್ಲಿ ಏಳು ಸುತ್ತುಗಳಲ್ಲಿ ನಾಲ್ಕು ಗೆದ್ದವರು ವಿಜಯಿಗಳು. ಅಲ್ಲಿ ಜಾಗ ಕಿರಿದು, ಇಳಿಯುವುದಕ್ಕೆ ವಿಮಾನವೂ ಇಲ್ಲ. ಹಾಗಾಗಿ ಫಾಲ್ಕೊ ಅಲ್ಲಿ ಬರೀ ಅಲಂಕಾರ.

ಅಂಕಿಗಳು ಹೇಳುವುದು, ಹೇಳದಿರುವುದು

ಪ್ರತಿ ಆಟಗಾರನ ಪುಟದಲ್ಲಿ ಕೆ.ಡಿ., ಅಂದರೆ ಕೊಂದದ್ದು ಮತ್ತು ಸತ್ತದ್ದರ ಅನುಪಾತ, ತಲೆಗೆ ಹೊಡೆದ ಪ್ರಮಾಣ, ಗೆದ್ದ ಪಂದ್ಯ ಇವೆಲ್ಲ ಕಾಣುತ್ತವೆ. ಕಂಚಿನಿಂದ ಹೀರೊಯಿಕ್, ಗ್ರ್ಯಾಂಡ್‌ಮಾಸ್ಟರ್‌ವರೆಗೆ ಮೆಟ್ಟಿಲು ಹತ್ತುವುದಕ್ಕೆ ‘ರ‍್ಯಾಂಕ್ ಪುಶ್’ ಎಂದು ಹೆಸರು. ತೊಂದರೆ ಏನೆಂದರೆ ಕೆ.ಡಿ. ಎಬ್ಬಿಸಿದ್ದನ್ನು ಎಣಿಸುವುದಿಲ್ಲ. ಒಂದು ಪಂದ್ಯದಲ್ಲಿ ಗೆಳೆಯರನ್ನು ಐದು ಸಲ ಎತ್ತಿ ನಿಲ್ಲಿಸಿ ಯಾರನ್ನೂ ಕೊಲ್ಲದೆ ಸತ್ತವನ ಅನುಪಾತ ಕುಸಿಯುತ್ತದೆ, ತಂಡ ಬೂಯಾ ಹೊಡೆದಿರುತ್ತದೆ. ಅಂಕಿಗೆ ಕಟ್ಟುಬಿದ್ದ ಹುಡುಗ ನಡುವಿನ ಕೆಲಸ ಮಾಡಲು ಒಪ್ಪುವುದಿಲ್ಲ. ಅಂಥ ನಾಲ್ವರು ಸೇರಿದರೆ ನಾಲ್ಕು ದಿಕ್ಕಿಗೆ ಓಡುತ್ತಾರೆ.

ದೀಪಾವಳಿಯಿಂದಾಚೆ ಹಾವೇರಿ ಸೀಮೆಯಲ್ಲಿ ನಡೆಯುವ ಹೋರಿ ಹಬ್ಬದಲ್ಲೂ ಈ ಮಾತು ನಿಲ್ಲುತ್ತದೆ. ಕೊಬ್ಬರಿ ಸರ ಕಟ್ಟಿಕೊಂಡು ಯಾರ ಕೈಗೂ ಸಿಗದೆ ಓಡಿದ ಹೋರಿಗೆ ಹೆಸರು ಬರುತ್ತದೆ, ಮೈಕಿನಲ್ಲಿ ಅದರ ಬಿರುದು ಕೂಗುತ್ತಾರೆ. ವರ್ಷವಿಡೀ ಹುರುಳಿ, ಹತ್ತಿಕಾಳು ತಿನ್ನಿಸಿ ಮೈ ತಿಕ್ಕಿದವನ ಹೆಸರು ಮೈಕಿಗೆ ಬರುವುದು ಅಪರೂಪ.

ಪಬ್‌ಜಿ ಕುಲದ ಬಿ.ಜಿ.ಎಂ.ಐ.ನಲ್ಲಿ ಸಾಮಾನ್ಯ ಪಂದ್ಯದ ಮಟ್ಟಿಗೆ ಪಾತ್ರದ ಕೌಶಲವೇ ಇಲ್ಲ, ಎಲ್ಲರೂ ಸಮ. ಅಲ್ಲಿ ದಿಕ್ಕು ತೋರಿಸುವವ, ನುಗ್ಗುವವ, ದೂರದಿಂದ ಹೊಡೆಯುವವ, ಬೆಂಬಲಿಗ ಎಂಬುದು ಬರೀ ಒಡಂಬಡಿಕೆ. ಆಟ ಬಲ್ಲವರು ಅದನ್ನೇ ಮೇಲೆನ್ನುತ್ತಾರೆ. ವಾದಕ್ಕೆ ತಿರುಳಿದೆ, ಆದರೆ ಬೆರಕೆಯ ರುಚಿ ಅಲ್ಲಿಲ್ಲ.

ಹಣ, ನಿಷೇಧ, ಕಾನೂನು

ಪಾತ್ರ ಕೊಳ್ಳಲು ಎರಡು ನಾಣ್ಯ: ಆಡಿ ಗಳಿಸುವ ಗೋಲ್ಡ್, ದುಡ್ಡು ಕೊಟ್ಟು ಪಡೆಯುವ ಡೈಮಂಡ್. ‘ಉಚಿತ ಡೈಮಂಡ್’ ಎಂದು ಆಸೆ ತೋರಿಸಿ ಪಾಸ್‌ವರ್ಡ್ ಕೀಳುವ ವಂಚನೆ ಎಲ್ಲ ಕಡೆಯೂ ಇದೆ. ಗರೇನಾ ತಾನೇ ಬಿಡುವ ರಿಡೀಮ್ ಕೋಡ್‌ಗಳು ಬೇರೆ; ಅವಕ್ಕೆ ದುಡ್ಡೂ ಬೇಡ, ಆದರೆ ಅವು ಗೆಸ್ಟ್ ಖಾತೆಗೆ ನಡೆಯುವುದಿಲ್ಲ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದರ ಭಾರತೀಯ ರೂಪವಾದ ಬಿ.ಜಿ.ಎಂ.ಐ. 2021ರ ಜುಲೈನಲ್ಲಿ ಬಂತು, 2022ರ ಜುಲೈನಲ್ಲಿ ಅಂಗಡಿಯಿಂದ ಇಳಿಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಫ್ರೀ ಫೈರ್‌ನ ಸರದಿ 2022ರ ಫೆಬ್ರವರಿ 14. ಆ ದಿನ ಹೊರಬಿದ್ದ 54 ಆ್ಯಪ್‌ಗಳ ಪಟ್ಟಿಯಲ್ಲಿ ಅದಿತ್ತು. ವಿಚಿತ್ರವೆಂದರೆ ಅದೇ ದಿನ ಕರ್ನಾಟಕ ಹೈಕೋರ್ಟ್, ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ರಾಜ್ಯ 2021ರಲ್ಲಿ ಮಾಡಿದ್ದ ಪೊಲೀಸ್ ಕಾಯ್ದೆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2021ರ ಸೆಪ್ಟೆಂಬರ್‌ನಲ್ಲಿ ಬಂದಿದ್ದ ಫ್ರೀ ಫೈರ್ ಮ್ಯಾಕ್ಸ್ ನಿಷೇಧದ ಪಟ್ಟಿಯಲ್ಲಿ ಇರಲಿಲ್ಲ, ಆಡುವವರು ಅದಕ್ಕೆ ದಾಟಿಕೊಂಡರು. ಮಹೇಂದ್ರ ಸಿಂಗ್ ಧೋನಿಯವರನ್ನು ‘ಥಲಾ’ ಎಂಬ ಪಾತ್ರವಾಗಿ ತರುವ ಫ್ರೀ ಫೈರ್ ಇಂಡಿಯಾ 2023ರ ಸೆಪ್ಟೆಂಬರ್ 5ಕ್ಕೆ ಎಂದು ಪ್ರಕಟವಾಗಿ, ಮುಂದಕ್ಕೆ ಹೋಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಆಟಗಳ ಕಾಯ್ದೆ ಹಣ ಕಟ್ಟಿ ಆಡುವುದನ್ನು ತಡೆದು, ಇ-ಸ್ಪೋರ್ಟ್ಸ್‌ಗೆ ಬೇರೆ ಮಾನ್ಯತೆ ಕೊಟ್ಟಿತು.

ಕೌಶಲದ ಅಂಕಿಗಳು ಕಲ್ಲಲ್ಲಿ ಕೆತ್ತಿದವಲ್ಲ. 2020ರ ಕೊನೆಗೆ ಕ್ರಿಸ್ಟಿಯಾನೊ ರೊನಾಲ್ಡೊ ಹೋಲಿಕೆಯಲ್ಲಿ ಬಂದ ಕ್ರೋನೊ ತನ್ನ ಗುಳ್ಳೆಯಂಥ ಕವಚದೊಳಗೆ ನಿಂತು ಹೊರಗಿನವರಿಗೆ ಗುಂಡು ಹೊಡೆಯಬಲ್ಲವನಾಗಿದ್ದ. ಎಲ್ಲರೂ ಅವನನ್ನೇ ಕೊಂಡ ಮೇಲೆ ಒಂದು ಅಪ್‌ಡೇಟ್ ಬಂದು ಒಳಗಿನಿಂದ ಹೊಡೆಯುವುದು ನಿಂತಿತು. ಅಲೋಕ್‌ನ ಅಂಕಿಗಳೂ ಹೀಗೆಯೇ ಬದಲಾದವು. ಆದ್ದರಿಂದ ಡೈಮಂಡ್ ಖರ್ಚು ಮಾಡುವ ಮುಂಚೆ ಆಟದೊಳಗಿನ ಪಾತ್ರದ ಪುಟದಲ್ಲಿ ಅವತ್ತಿನ ವಿವರ ಓದಿಕೊಳ್ಳಿ, ಉಳಿದ ಮೂವರ ಬಳಿ ಏನಿದೆ ಎಂದು ಕೇಳಿಕೊಳ್ಳಿ.