ಮುಖದಿಂದ ಮಿದುಳಿನವರೆಗೆ: ಗರ್ಭ ಮತ್ತು ಮಾದಕಗಳ ಅಧ್ಯಯನ ನಡೆದುಬಂದ ದಾರಿ

1899ರಲ್ಲಿ ಲಿವರ್‌ಪೂಲ್ ಸೆರೆಮನೆಯ ವೈದ್ಯ ವಿಲಿಯಂ ಸಲ್ಲಿವನ್, ವಿಪರೀತ ಕುಡಿಯುತ್ತಿದ್ದ 120 ಹೆಂಗಸರ 600 ಮಕ್ಕಳ ಲೆಕ್ಕ ತೆಗೆದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಸತ್ತೇ ಹುಟ್ಟಿದ್ದವು, ಇಲ್ಲವೇ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು. ಬಸುರಿಯಿದ್ದಾಗ ಜೈಲು ಸೇರಿ ಕುಡಿತ ತಪ್ಪಿದವರಿಗೆ ಗಟ್ಟಿಮುಟ್ಟಾದ ಮಕ್ಕಳು ಹುಟ್ಟಿದ್ದನ್ನೂ ಅವರು ಗಮನಿಸಿದರು.

ವೈದ್ಯಲೋಕ ಅದನ್ನು ಮರೆತೇಬಿಟ್ಟಿತು. ಎಷ್ಟರಮಟ್ಟಿಗೆಂದರೆ, ಅವಧಿಗೆ ಮೊದಲೇ ಶುರುವಾದ ಹೆರಿಗೆ ನೋವನ್ನು ತಡೆಯಲು 1960ರ ದಶಕದಲ್ಲಿ ಆಲ್ಕೋಹಾಲನ್ನೇ ಡ್ರಿಪ್‌ನಲ್ಲಿ ಏರಿಸುತ್ತಿದ್ದರು. 1968ರಲ್ಲಿ ಫ್ರಾನ್ಸಿನ ಪಾಲ್ ಲೆಮ್ವಾನ್ 127 ಮಕ್ಕಳ ವಿವರ ಪ್ರಕಟಿಸಿದಾಗಲೂ ಗಮನಿಸಿದವರು ಕಡಿಮೆ. 1973ರಲ್ಲಿ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ 'ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್' ಎಂದು ಹೆಸರಿಟ್ಟ ಮೇಲಷ್ಟೇ ಜಗತ್ತು ತಿರುಗಿ ನೋಡಿತು. ಕಿರಿದಾದ ಕಣ್ಣಿನ ಸೀಳು, ತೆಳು ಮೇಲ್ದುಟಿ, ಮೂಗು-ತುಟಿಗಳ ನಡುವಿನ ಗೆರೆ ಮಾಸಿದ ಮುಖ: ಇವು ರೋಗದ ಗುರುತುಗಳಾದವು.

ಆದರೆ ಈ ಗುರುತುಗಳೇ ಅನೇಕ ಮಕ್ಕಳನ್ನು ಲೆಕ್ಕದಿಂದ ಹೊರಗಿಟ್ಟವು. ಇಲಿಗಳ ಮೇಲೆ ಪ್ರಯೋಗ ನಡೆಸಿದ ಕ್ಯಾಥ್ಲೀನ್ ಸುಲಿಕ್, ಮುಖದ ಈ ಬದಲಾವಣೆಗಳು ಮನುಷ್ಯರ ಗರ್ಭದ ಮೂರನೆಯ ವಾರಕ್ಕೆ ಸಮನಾದ ಹಂತದಲ್ಲೇ ಉಂಟಾಗಬಲ್ಲವು ಎಂದು 1981ರಲ್ಲಿ ತೋರಿಸಿದರು. ಮಿದುಳು ಮಾತ್ರ ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ತಾಯಿ ಕುಡಿದ ಆಲ್ಕೋಹಾಲು ಮಾಸನ್ನು ಸಲೀಸಾಗಿ ದಾಟುತ್ತದೆ. ಅದನ್ನು ಕರಗಿಸುವ ಶಕ್ತಿ ಕೂಸಿನ ಎಳೆಯ ಯಕೃತ್ತಿಗೆ ತೀರ ಕಡಿಮೆ. ನರಕೋಶಗಳು ತಮ್ಮ ಜಾಗ ಸೇರುವುದು ತಪ್ಪುತ್ತದೆ, ಎಷ್ಟೋ ಕೋಶಗಳು ಸಾಯುತ್ತವೆ. ಹಾಗಾಗಿ ಮುಖ ಲಕ್ಷಣವಾಗಿದ್ದು ಮಿದುಳು ಪೆಟ್ಟು ತಿಂದಿರುವ ಮಗು ತರಗತಿಯಲ್ಲಿ 'ಹೇಳಿದ ಮಾತು ಕೇಳದವ' ಎನಿಸಿಕೊಳ್ಳುತ್ತದೆ. 1990ರ ದಶಕದಲ್ಲಿ ಸ್ಯಾನ್ ಡಿಯಾಗೋದ ಎಡ್ವರ್ಡ್ ರೈಲಿ ಮತ್ತು ಸಾರಾ ಮ್ಯಾಟ್ಸನ್ ಎಂಆರ್‌ಐ ಮೂಲಕ ಇಂಥ ಮಕ್ಕಳ ಮಿದುಳನ್ನು ನೋಡಿದರು. ಎಡ-ಬಲ ಭಾಗಗಳನ್ನು ಬೆಸೆಯುವ ಕಾರ್ಪಸ್ ಕಲೋಸಂ ಮತ್ತು ಕಿರುಮಿದುಳಿನಲ್ಲಿ ಕೊರತೆ ಕಂಡಿತು. ಲೆಕ್ಕ ತಪ್ಪುವುದು, ನಿನ್ನೆ ಕಲಿತದ್ದು ಇಂದು ಮರೆಯುವುದು, ಮುಂದಿನ ಪರಿಣಾಮ ಊಹಿಸಲಾಗದಿರುವುದು ಮಗುವಿನ ಹಟಮಾರಿತನವಲ್ಲ.

ಕೊಕೇನ್ ವಿಷಯದಲ್ಲಿ ನಡೆದದ್ದು ಇದಕ್ಕೆ ತೀರ ಉಲ್ಟಾ. 1985ರಲ್ಲಿ ಐರಾ ಚಾಸ್ನಾಫ್ ಕೇವಲ 23 ಗರ್ಭಿಣಿಯರ ಆಧಾರದಲ್ಲಿ ಬರೆದ ಪ್ರಾಥಮಿಕ ವರದಿಯ ಬೆನ್ನಿಗೆ ಅಮೆರಿಕದ ಪತ್ರಿಕೆಗಳು 'ಕ್ರ್ಯಾಕ್ ಬೇಬಿ'ಗಳ, ಅಂದರೆ ಗರ್ಭದಲ್ಲೇ ಕೊಕೇನ್ ತಾಗಿದ ಮಕ್ಕಳ, ಒಂದು ಪೀಳಿಗೆಯೇ ಕೈತಪ್ಪಿತೆಂದು ಬೊಬ್ಬೆಯಿಟ್ಟವು. ಬಡ ಕಪ್ಪು ತಾಯಂದಿರು ಜೈಲು ಸೇರಿದರು. ಚಾರ್ಲ್‌ಸ್ಟನ್‌ನಲ್ಲಿ ಗರ್ಭಿಣಿಯರ ಒಪ್ಪಿಗೆಯಿಲ್ಲದೆ ಮೂತ್ರ ಪರೀಕ್ಷಿಸಿ ಪೊಲೀಸರಿಗೆ ತಿಳಿಸುತ್ತಿದ್ದ ಪದ್ಧತಿ ಅಸಾಂವಿಧಾನಿಕವೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಅದೇ ವರ್ಷ ಡೆಬೊರಾ ಫ್ರ್ಯಾಂಕ್ ತಂಡ 36 ಅಧ್ಯಯನಗಳನ್ನು ಜಾಲಾಡಿತು. ಕೊಕೇನಿನದ್ದೇ ಎನ್ನಬಹುದಾದ ದೊಡ್ಡ ಹಾನಿ ಆರು ವರ್ಷದೊಳಗಿನ ಮಕ್ಕಳಲ್ಲಿ ಸ್ಪಷ್ಟವಾಗಿ ಕಾಣಲಿಲ್ಲ. ಗಮನ ಮತ್ತು ಸಂಯಮದ ಮೇಲೆ ಸಣ್ಣ ಪರಿಣಾಮಗಳು ನಂತರದ ಅಧ್ಯಯನಗಳಲ್ಲಿ ಕಂಡಿವೆ. ಫಿಲಡೆಲ್ಫಿಯಾದಲ್ಲಿ 1989ರಿಂದ ಹ್ಯಾಲಮ್ ಹರ್ಟ್ ಹಿಂಬಾಲಿಸಿದ ಮಕ್ಕಳಲ್ಲಿ, ಕೊಕೇನ್ ತಾಗಿದವರಿಗೂ ತಾಗದವರಿಗೂ ಐಕ್ಯೂನಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಎರಡೂ ಗುಂಪುಗಳು ಸರಾಸರಿಗಿಂತ ಕೆಳಗಿದ್ದವು. ಎರಡನ್ನೂ ಕುಗ್ಗಿಸಿದ್ದು ಬಡತನ.

ಔಷಧಿಗಳ ಲೆಕ್ಕವೂ ಇಲ್ಲಿ ಸೇರಬೇಕು. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಗರ್ಭದಲ್ಲಿ ತಾಗಿದ ಮಕ್ಕಳ ಐಕ್ಯೂ, ಬೇರೆ ಕೆಲವು ಮೂರ್ಛೆ ಮಾತ್ರೆಗಳು ತಾಗಿದವರಿಗಿಂತ ಕಡಿಮೆಯಿದ್ದದ್ದು 2009ರಲ್ಲಿ ಪ್ರಕಟವಾಯಿತು. ಹಾಗೆಂದು ಮಾತ್ರೆ ತಟ್ಟನೆ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಅಪಾಯ. ಔಷಧಿ ಬದಲಿಸುವ ಮಾತು ಬಸುರಿಗೆ ಮುಂಚೆಯೇ ಆಗಬೇಕು.

ಅಮೆರಿಕದ ಮದ್ಯದ ಬಾಟಲಿಗಳ ಮೇಲೆ ಗರ್ಭಿಣಿಯರಿಗೆ ಎಚ್ಚರಿಕೆ ಬಂದದ್ದು 1989ರಲ್ಲಿ. ಭಾರತದಲ್ಲಿ 2019ರಿಂದ ಕಡ್ಡಾಯವಾದ ಎಚ್ಚರಿಕೆ ಆರೋಗ್ಯ ಮತ್ತು ವಾಹನ ಚಾಲನೆಯನ್ನು ಹೆಸರಿಸಿತು, ಗರ್ಭವನ್ನಲ್ಲ. ಆದರೆ ಬರೀ ಚೀಟಿಯಿಂದ ಪೆಟ್ಟು ತಿಂದ ಮಗು ಪತ್ತೆಯಾಗುವುದಿಲ್ಲ. 2018ರಲ್ಲಿ ಅಮೆರಿಕದ ನಾಲ್ಕು ಪ್ರದೇಶಗಳ ಒಂದನೇ ತರಗತಿಯ ಮಕ್ಕಳನ್ನು ಪರೀಕ್ಷಿಸಿದ ವರದಿಯಲ್ಲಿ ಮದ್ಯದ ಹಾನಿ ಕಂಡ 222 ಮಕ್ಕಳಲ್ಲಿ ಮೊದಲೇ ಪತ್ತೆಯಾಗಿದ್ದವರು ಇಬ್ಬರೇ. ಆರು ವರ್ಷದೊಳಗೆ ಪತ್ತೆಯಾಗಿ, ನೆಮ್ಮದಿಯ ಮನೆಯಲ್ಲಿ ಬೆಳೆದವರಿಗೆ ಮುಂದೆ ಶಾಲೆ ಮತ್ತು ಪೊಲೀಸರ ತೊಂದರೆ ಕಡಿಮೆಯೆಂದು ಆನ್ ಸ್ಟ್ರೈಸ್‌ಗತ್ 1990ರ ದಶಕದಲ್ಲೇ ತೋರಿಸಿದ್ದರು. ಮದ್ಯದ ಹಾನಿಗೊಳಗಾದ ಎರಡರಿಂದ ಐದು ವರ್ಷದ ಮಕ್ಕಳಿಗೆ ಕೋಲೀನ್ ಎಂಬ ಪೋಷಕಾಂಶ ಕೊಟ್ಟು ಮಿನೆಸೋಟಾದಲ್ಲಿ ಜೆಫ್ರಿ ವೋಜ್ನಿಯಾಕ್ ನಡೆಸಿದ ಪ್ರಯೋಗ ಚಿಕ್ಕದು. ನಾಲ್ಕು ವರ್ಷಗಳ ನಂತರ ನೋಡಿದಾಗ ಆ ಮಕ್ಕಳ ನೆನಪಿನ ಶಕ್ತಿ, ಕೋಲೀನ್ ಸಿಗದ ಮಕ್ಕಳದ್ದಕ್ಕಿಂತ ಚೆನ್ನಾಗಿತ್ತು.