ಪರಿಚಯದ ದನಿ

1990ರ ದಶಕದ ಮೊದಲ ವರ್ಷಗಳು. ಬೆಂಗಳೂರಿನ ಬಡಾವಣೆಗಳಲ್ಲಿ, ಸುತ್ತಲ ಊರುಗಳಲ್ಲಿ ಮನೆಬಾಗಿಲ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ರಾತ್ರಿ ಹೊತ್ತು ದೆವ್ವವೊಂದು ಬಾಗಿಲು ತಟ್ಟುತ್ತದಂತೆ, ಮನೆಯವರದೇ ದನಿಯಲ್ಲಿ ಕರೆಯುತ್ತದಂತೆ, ಓಗೊಟ್ಟು ತೆರೆದರೆ ಮುಗಿಯಿತಂತೆ. ಬರಹ ಓದಿಕೊಂಡು ಅದು ಹಿಂದಿರುಗುತ್ತದಂತೆ. ಮರುದಿನ ಬಂದರೂ ಅದೇ ಉತ್ತರ. ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತೆಂಬುದೇ ಒಂದು ಸಮಾಧಾನ! ನಮ್ಮ ಬಾಗಿಲ ಮೇಲೂ ಅಮ್ಮ ಬರೆದಿದ್ದಳು. "ಇದನ್ನೆಲ್ಲ ನೀನು ನಂಬ್ತೀಯೇನಮ್ಮಾ?" ಎಂದು ಕೇಳಿದರೆ, "ನಂಬೋದೇನು ಬಂತು? ಪಕ್ಕದ ಮನೆಯವರು ಬರೆದಿದ್ದಾರೆ. ನಾವೂ ಬರೆದರೆ ನಮ್ಮ ಗಂಟೇನು ಹೋಗುತ್ತೆ?" ಎಂದಳು.

ಆಗ ನಕ್ಕಿದ್ದೆ. ಈಗ ಯೋಚಿಸಿದರೆ, ವದಂತಿಯ ಗುಟ್ಟೆಲ್ಲ ಆ ಕಥೆಯಲ್ಲೇ ಇತ್ತು ಅನ್ನಿಸುತ್ತದೆ. ಭಯ ನಮ್ಮ ಬಾಗಿಲಿಗೆ ಬರುವುದು ಪರಿಚಯದ ದನಿಯಲ್ಲಿ. ಅದನ್ನು ಮುಂದೆ ಸಾಗಿಸುವವರು ನಂಬಿಯೇ ಸಾಗಿಸಬೇಕೆಂದಿಲ್ಲ. 'ಗಂಟೇನು ಹೋಗುತ್ತೆ' ಎಂದುಕೊಂಡರೆ ಸಾಕು.

ಹೋಗುವ ಗಂಟು ಎಂಥದೆಂದು ನಾನು ಮೊದಲು ಕಂಡದ್ದು 2012ರಲ್ಲಿ. ಆ ಜುಲೈಯಲ್ಲಿ ಅಸ್ಸಾಮಿನ ಕೋಕ್ರಝಾರ್ ಸುತ್ತಮುತ್ತ ಬೋಡೋ ಜನರಿಗೂ ಬಂಗಾಳಿ ಮಾತನಾಡುವ ಮುಸ್ಲಿಮರಿಗೂ ಗಲಭೆಯಾಗಿ ಸುಮಾರು 4 ಲಕ್ಷ ಜನ ಮನೆ ಬಿಟ್ಟು ಶಿಬಿರ ಸೇರಿದರು. ಜಮೀನಿನ, ಅಧಿಕಾರದ ಹಳೆಯ ಜಗಳ ಅದು. ಬೆಂಗಳೂರಿಗೂ ಅದಕ್ಕೂ ಏನು ಸಂಬಂಧ? ಆದರೂ ಆಗಸ್ಟ್ ಹೊತ್ತಿಗೆ ಇಲ್ಲಿದ್ದ ಈಶಾನ್ಯದ ಹುಡುಗ ಹುಡುಗಿಯರ ಮೊಬೈಲಿಗೆ ಸಂದೇಶಗಳು ಬರತೊಡಗಿದವು: ರಂಜಾನ್ ಹಬ್ಬದೊಳಗೆ ಊರು ಬಿಡಿ, ಮುಸ್ಲಿಮರು ನಿಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ ಎಂದು. ಆಗ ಹರಿದಾಡುತ್ತಿದ್ದ ಚಿತ್ರಗಳಲ್ಲಿ ಹಲವು ಎಲ್ಲಿಯವೋ. ಬರ್ಮಾದಲ್ಲಿ ಕೊಲೆಯಾದ ಮುಸ್ಲಿಮರ ಹೆಣಗಳೆಂದು ತೋರಿಸಿದ ಒಂದು ಚಿತ್ರ, 2010ರಲ್ಲಿ ಚೀನಾದ ಯುಶು ಭೂಕಂಪದಲ್ಲಿ ಸತ್ತವರದು!

ಆಗಸ್ಟ್ 15ರ ರಾತ್ರಿ ಬೆಂಗಳೂರು ನಿಲ್ದಾಣದಿಂದ ಗುವಾಹಟಿಯ ಕಡೆಗೆ ಹೊರಟವರೇ 6,000ಕ್ಕೂ ಹೆಚ್ಚು ಮಂದಿ. ವಿಶೇಷ ರೈಲು ಬಿಡಬೇಕಾಯಿತು. ಮಂತ್ರಿಗಳು, ಪೊಲೀಸರು, ಮುಸ್ಲಿಂ ಮುಖಂಡರು ಹೋಗಬೇಡಿರೆಂದು ಕೇಳಿಕೊಂಡರು. ನಾನು ಹೋಗುತ್ತಿದ್ದ ಬ್ಯೂಟಿ ಪಾರ್ಲರಿನ ಮಣಿಪುರದ ಹುಡುಗಿಯೂ ಅರ್ಧ ತಿಂಗಳ ಸಂಬಳ ಬಿಟ್ಟು ಹೊರಟುಬಿಟ್ಟಿದ್ದಳು. ತಿಂಗಳ ಮೇಲೆ ಮರಳಿ ಬಂದಾಗ ಕೇಳಿದೆ. ಸಂದೇಶ ಬಂದದ್ದು ಅವಳ ಚಿಕ್ಕಪ್ಪನ ಮಗನಿಂದ. "ಅಣ್ಣ ಸುಳ್ಳು ಹೇಳ್ತಾನಾ ಅಕ್ಕಾ?" ಎಂದಳು. ಅಣ್ಣ ಸುಳ್ಳು ಹೇಳಿರಲಿಲ್ಲ. ಅವನ ದನಿಯಲ್ಲಿ ಬೇರೆ ಯಾರೋ ಮಾತನಾಡಿದ್ದರು. ಹಬ್ಬ ಕಳೆಯಿತು, ಸಂದೇಶ ಹೇಳಿದ ಹತ್ಯಾಕಾಂಡ ನಡೆಯಲಿಲ್ಲ. ಆದರೆ ಪಾರ್ಲರಿನ ಎದುರಿನ ಮಾಂಸದಂಗಡಿಯವನನ್ನು ಅವಳು ಮೊದಲಿನ ಹಾಗೆ ಮಾತನಾಡಿಸಲಿಲ್ಲ.

ಸರ್ಕಾರ ಹದಿನೈದು ದಿನ, ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಕಟ್ಟು ಹಾಕಿತು. ಆರು ವರ್ಷದ ಮೇಲೆ, 2018ರ ಜುಲೈಯಲ್ಲಿ, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸಲಾಗದಂತೆ ವಾಟ್ಸಾಪ್ ಕೂಡ ಭಾರತದಲ್ಲಿ ಮಿತಿ ಹಾಕಿತು. ಈ ಎರಡನೆಯ ಐದರ ಹಿಂದಿನ ಕಥೆಯಲ್ಲಿ ನನ್ನದೂ ಪಾಲಿದೆ.

ಆ ಮೇ 12ರಂದು ನಮ್ಮ ವಿಧಾನಸಭೆಗೆ ಮತದಾನ. ಪಕ್ಷಗಳೆಲ್ಲ ವಾಟ್ಸಾಪ್ ಗುಂಪು ಕಟ್ಟಿಕೊಂಡು, ದೇವರ ಪಟ, ಹಬ್ಬದ ಶುಭಾಶಯಗಳ ನಡುವೆ ತಮ್ಮ ಮಾತನ್ನೂ ಸೇರಿಸಿ ಕಳಿಸುತ್ತಿದ್ದ ಕಾಲ. ಅದೇ ದಿನಗಳಲ್ಲಿ ಒಂದು ವಿಡಿಯೊ ಬಂತು: ಬೈಕಿನಲ್ಲಿ ಬಂದ ಇಬ್ಬರು, ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು. 'ಹೊರರಾಜ್ಯದ ಮಕ್ಕಳ ಕಳ್ಳರು ಬಂದಿದ್ದಾರೆ, ಎಚ್ಚರ!' ಕಳಿಸಿದವರು ನಮ್ಮತ್ತಿಗೆ. ನಾನು ಮೂರು ಗುಂಪಿಗೆ ಕಳಿಸಿದೆ. ಚಿಕ್ಕ ಮಕ್ಕಳಿರುವ ಮನೆಗಳು, ನಮ್ಮ ಗಂಟೇನು ಹೋಗುತ್ತೆ?

ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಕಟ್ಟಿ ಹೊಡೆದರು, ಅವನು ಸತ್ತ. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಎಂಜಿನಿಯರ್ ಒಬ್ಬ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಆಮೇಲೆ ತಿಳಿಯಿತು: ಆ ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ತಿಳಿವಳಿಕೆಗೆಂದು ಮಾಡಿದ್ದು. ಮೂಲದಲ್ಲಿ ಆ ಇಬ್ಬರು ಮಗುವನ್ನು ತಿರುಗಿ ತಂದುಬಿಟ್ಟು, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು.

ನಾನು ಕಳಿಸಿದ್ದು ಆ ಕೊಲೆಗಾರರ ಕೈ ಸೇರಿರಲಾರದು. ಹಾಗೆಂದು ಮನಸ್ಸು ಹಗುರಾಗಲಿಲ್ಲ. ಸರಪಳಿಯಲ್ಲಿ ನನ್ನದೂ ಒಂದು ಕೊಂಡಿ.

ಇದರಲ್ಲಿ ರಾಜಕೀಯವೇನು ಬಂತು ಎನ್ನಬಹುದು. ಒಂದು ಸಂದೇಶ ಓದಿ ಯಾರೂ ಪಕ್ಷ ಬದಲಿಸುವುದಿಲ್ಲ, ನಿಜ. ಆದರೆ ಹನಿಹನಿಯಾಗಿ 'ಹೊರಗಿನವರು' ಎಂಬ ಭಯ ಒಳಗಿಳಿಯುತ್ತದೆ. ಬಾಡಿಗೆಗೆ ಮನೆ ಕೇಳಿ ಬಂದವರ ಊರು, ಜಾತಿ, ಧರ್ಮ ವಿಚಾರಿಸುವಾಗ ನಮ್ಮ ದನಿ ಗಡುಸಾಗುತ್ತದೆ. ಮುಂದೆ ಯಾರಾದರೂ ವೇದಿಕೆ ಹತ್ತಿ 'ಅವರಿಂದ ನಿಮ್ಮನ್ನು ಕಾಪಾಡುತ್ತೇವೆ' ಎಂದಾಗ, ಅವರೆಂದರೆ ಯಾರು, ಏನು ಮಾಡಿದ್ದಾರೆ ಎಂದು ಕೇಳುವುದೇ ಮರೆತುಹೋಗುತ್ತದೆ. ನೀರಿನ ನಲ್ಲಿ, ಶಾಲೆ, ಆಸ್ಪತ್ರೆ ಕೇಳಬೇಕಾದ ಓಟನ್ನು ಹೆದರಿಕೆಯ ಕೈಗೆ ಕೊಟ್ಟು ಬಂದಿರುತ್ತೇವೆ.

ಅತ್ತಿಗೆಯ ಸಂದೇಶಗಳು ಈಗಲೂ ಬರುತ್ತವೆ. ಓದಿ ಎದೆ ಝಲ್ಲೆಂದರೆ ಫೋನ್ ಕೆಳಗಿಟ್ಟು ಒಲೆಯ ಕಡೆ ಹೋಗುತ್ತೇನೆ. ಆಮೇಲೆ ಅವರಿಗೇ ಫೋನ್ ಮಾಡಿ, "ಅತ್ತಿಗೆ, ಇದನ್ನು ಕಣ್ಣಾರೆ ಕಂಡವರು ಯಾರು?" ಎಂದು ಕೇಳುತ್ತೇನೆ. ಮೊದಮೊದಲು ಸಿಟ್ಟಾದರು. ಈಗೀಗ ಕಳಿಸುವ ಮುಂಚೆ ಅವರೇ ನನ್ನನ್ನು ವಿಚಾರಿಸುತ್ತಾರೆ.

ಅಮ್ಮ ಬಾಗಿಲ ಮೇಲೆ ಬರೆದದ್ದು ದೆವ್ವಕ್ಕೆ. ನನಗೆ ಆ ಎರಡು ಮಾತು ಬೇರೆಯದಕ್ಕೆ ಒದಗಿವೆ. ಭಯ ಹೊತ್ತು ಬಂದ ಯಾವ ಸುದ್ದಿಗಾದರೂ, ಎಂಥ ಪರಿಚಯದ ದನಿಯಲ್ಲಿ ಬಂದರೂ, ಒಂದು ದಿನದ ಮಟ್ಟಿಗೆ ಹೇಳಿಬಿಡುತ್ತೇನೆ, 'ನಾಳೆ ಬಾ.'