ಸಂಘ ಅಂದ್ರೆ ಯಾವ ಸಂಘ?

ನಮ್ಮ ಮಂಡ್ಯ ಸೀಮೇಲಿ ಈಗ 'ಸಂಘ' ಅನ್ನೋ ಮಾತಿಗೆ ಎರಡು ಅರ್ಥ ಆಗೋಗದೆ ಕಣ್ರವ್ವ. ವಾರಕ್ಕೊಂದು ಸಲ ಜಗಲಿ ಮೇಲೆ ಕೂತು, ಹತ್ತಿಪ್ಪತ್ತು ರೂಪಾಯಿ ಹಾಕಿ, ಬುಕ್ಕಲ್ಲಿ ಬರೆಸೋದೂ ಸಂಘವೇ. ಬೈಕಲ್ಲಿ ಬಂದು ಬಾಗಿಲಲ್ಲಿ ನಿಂತು "ಕಂತು ಕಟ್ಟಮ್ಮ" ಅನ್ನೋ ಫೈನಾನ್ಸ್‌ನೋರ ಸಾಲಾನೂ 'ಸಂಘದ ಸಾಲ'ವೇ. ಕಾಲೇಜು ಓದೋ ಮಕ್ಕಳಿಗಂತೂ ಎರಡೂ ಒಂದೇ ಥರ ಕಾಣ್ತದೆ. ಹೆಂಗಸರು ಉದ್ಯೋಗ ಮಾಡ್ಬೇಕು, ಸ್ವಂತ ಕಾಲ ಮೇಲೆ ನಿಲ್ಬೇಕು ಅಂತ ಭಾಷಣ ಕೇಳೋಕೆ ಮುಂಚೆ ಇವೆರಡರ ಕಥೆ ಗೊತ್ತಿರಬೇಕು ಅಂತ ನನಗನಿಸ್ತದೆ.

ಕನ್ನಂಬಾಡಿ ಕಟ್ಟಿ, ನಾಲೆ ನೀರು ಬಂದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾಯ್ತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೂ ಆಯ್ತು. ಕಬ್ಬಿನ ದುಡ್ಡು ಊರಿಗೆ ಬಂತು. ಆದರೆ ಪಹಣಿ ಯಾರ ಹೆಸರಲ್ಲಿತ್ತೋ ಅವರ ಹೆಸರಿಗೆ ಬಿಲ್ಲು, ಅವರ ಹೆಸರಿಗೇ ಸೊಸೈಟಿ ಸಾಲ. ಕಳೆ ಕಿತ್ತು, ಸೋಗೆ ಹೊತ್ತ ಹೆಂಗಸರಿಗೆ ಉಳಿದಿದ್ದು ಸಾಸಿವೆ ಡಬ್ಬಿ, ಇಲ್ಲಾಂದ್ರೆ ಚೀಟಿ. ಬ್ಯಾಂಕು ಅಂದ್ರೆ ಗಂಡಸರು ಒಗೆದ ಶರಟು ಹಾಕ್ಕೊಂಡು ಹೋಗೋ ಜಾಗ ಅಷ್ಟೇ.

ಸ್ವಸಹಾಯ ಸಂಘ ಹುಟ್ಟಿದ ಕಥೆ ನನಗೆ ಬಲು ಇಷ್ಟ. ಮೈರಾಡ ಅಂತ ಒಂದು ಸಂಸ್ಥೆ ಅದೆ. ಟಿಬೆಟಿನಿಂದ ಬಂದೋರಿಗೆ ನೆಲೆ ಮಾಡಿಕೊಡೋಕೆ ಅಂತ 1968ರಲ್ಲಿ ಶುರುವಾದದ್ದು. ಆಮೇಲೆ ನಮ್ಮ ನಾಡಿನ ಬಡ ಹಳ್ಳಿಗಳ ಕಡೆ ತಿರುಗಿ, ದೊಡ್ಡ ದೊಡ್ಡ ಸಹಕಾರ ಸಂಘ ಕಟ್ಟಿಸ್ತು. 1984-85ರ ಹೊತ್ತಿಗೆ ಮುಖಂಡರ ಮೇಲೆ ನಂಬಿಕೆ ಹೋಗಿ ಅವುಗಳಲ್ಲಿ ಹಲವು ಮುರಿದುಬಿದ್ದವು. ಆಗ ಒಂದಷ್ಟು ಜನ ಸಣ್ಣ ಸಣ್ಣ ಗುಂಪಾಗಿ ಬಂದು, "ತಗೊಂಡಿದ್ದ ಸಾಲ ತೀರಿಸ್ತೀವಿ, ಆದರೆ ಆ ಸೊಸೈಟಿಗೆ ಕಟ್ಟಾಕಿಲ್ಲ, ನಿಮಗೇ ಕಟ್ತೀವಿ" ಅಂದ್ರಂತೆ. ಮೈರಾಡದೋರು "ಸಾಲ ಕೊಟ್ಟೋರು ನಾವಲ್ಲ, ನಿಮ್ಮ ಗುಂಪಿಗೇ ಕಟ್ಕೊಳ್ಳಿ" ಅಂದ್ರು. ನಮ್ಮ ಸಾಲ ನಮಗೇ ಕಟ್ಟೋದು! ಕೇಳೋಕೆ ತಮಾಷೆಯಾಗದೆ. ಆದರೆ ಬಡ್ಡಿ ಗುಂಪಲ್ಲೇ ಉಳೀತು, ಯಾರಿಗೆ ಕೊಡಬೇಕು ಅಂತ ಗುಂಪೇ ತೀರ್ಮಾನ ಮಾಡ್ತು. 1987ರಲ್ಲಿ ನಬಾರ್ಡು ಇಂಥ ಗುಂಪುಗಳನ್ನ ಬೆಳೆಸೋಕೆ 10 ಲಕ್ಷ ರೂಪಾಯಿ ಕೊಡ್ತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ಮಾಡ್ತು. ನಮ್ಮಲ್ಲಿ 2000ದಲ್ಲಿ ಸ್ತ್ರೀಶಕ್ತಿ ಬಂತು. ಅಂಗನವಾಡಿ ಟೀಚರಮ್ಮನೇ ಮನೆಮನೆಗೆ ಬಂದು ಹದಿನೈದು ಇಪ್ಪತ್ತು ಜನರ ಗುಂಪು ಮಾಡಿಸಿದ್ರು.

ಫೈನಾನ್ಸ್ ಕಂಪನಿ ನೋಡಿದ್ದೂ ಇದೇ ಗುಂಪನ್ನೇ. ಒಬ್ಬರಿಗೊಬ್ಬರು ಜಾಮೀನು, ವಾರದ ಕಂತು, ಎಲ್ಲಾ ನಮ್ಮ ಸಂಘದ ಥರವೇ. ಬಡ್ಡಿ ಮಾತ್ರ ಊರು ಬಿಟ್ಟು ಹೋಯ್ತದೆ, ಲೆಕ್ಕದ ಬುಕ್ಕು ಅವರ ಬ್ಯಾಗಲ್ಲಿರ್ತದೆ. ವಸೂಲಿ ಕಾಟ ತಡೀದೆ ರಾಜ್ಯದಲ್ಲಿ ಎಷ್ಟೋ ಜನ ಊರು ಬಿಟ್ರು, ಜೀವಗಳೂ ಹೋದವು. ಕೊನೆಗೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬಾಗಿಲಿಗೆ ಬಂದು ಕೂಗಾಡಿದ್ರೆ ಪೊಲೀಸ್ ಸ್ಟೇಷನ್ನಿಗೆ ಹೋಗೋಕೆ ನಾಚ್ಕೋಬ್ಯಾಡಿ.

ಈಗ ಉದ್ಯೋಗದ ಮಾತಿಗೆ ಬರ್ತೀನಿ. ಸಣ್ಣ ಆಹಾರ ಉದ್ಯಮಗಳಿಗೆ ಅಂತ 2020ರಲ್ಲಿ ಬಂದ ಕೇಂದ್ರದ ಯೋಜನೇಲಿ ನಮ್ಮ ಜಿಲ್ಲೆಗೆ ಗುರುತಿಸಿದ್ದು ಬೆಲ್ಲವನ್ನ. ಅದರಲ್ಲಿ ತಿಂಡಿ ಪದಾರ್ಥ ಮಾಡೋ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಮೂಲ ಬಂಡವಾಳ ಅಂತ ಒಂದದೆ. ಅದು ಒಕ್ಕೂಟಕ್ಕೆ ಬರೋ ಅನುದಾನ, ಸದಸ್ಯೆ ಅದನ್ನ ಸಾಲವಾಗಿ ತಗೊಂಡು ಸಂಘಕ್ಕೇ ತೀರಿಸ್ಬೇಕು. ನೋಡುದ್ರಾ, ಮತ್ತೆ ಅದೇ ಹಳೇ ಕಥೆ!

ದುಡ್ಡು ಸಿಕ್ಕಿದ ಮೇಲೆ ಮಾಡೋದೇನು? ಮದ್ದೂರು ವಡೆ ನೋಡಿ. ಅದು ರೈಲ್ವೆ ಸ್ಟೇಷನ್ನಿನಲ್ಲಿ ಹೆಸರು ಮಾಡಿದ ವಡೆ, 1917ರ ಕಾಲದ್ದು ಅಂತಾರೆ. ಮೆತ್ತಗಿರೋ ಉದ್ದಿನವಡೆ ಸಂಜೆಗೆ ಹಳಸ್ತದೆ. ಗರಿಗರಿ ಮದ್ದೂರು ವಡೆ ಪೇಪರಲ್ಲಿ ಸುತ್ತಿಸ್ಕೊಂಡು ಮೈಸೂರಿಗೋ ಬೆಂಗಳೂರಿಗೋ ಹೋಯ್ತದೆ. ತಗೊಳ್ಳೋನು ಯಾರು, ಎಲ್ಲಿಗೆ ಹೊರಟವನೆ, ಎಷ್ಟು ದಿನ ಇಟ್ಕೋತಾನೆ, ಇದು ಗೊತ್ತಿಲ್ದೆ ಎಲ್ಲಾ ಸಂಘದೋರೂ ಒಂದೇ ಉಪ್ಪಿನಕಾಯಿ ಹಾಕ್ಕೊಂಡು ಕೂತ್ರೆ ಯಾರು ಕೊಳ್ತಾರೆ?

ಇಲ್ಲಿ ಕಾಲೇಜಿನ ಮಕ್ಕಳು ಬೇಕು. ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನ ಕೊನೇ ವರ್ಷದೋರು ಹಳ್ಳೀಲೇ ಕೆಲವು ತಿಂಗಳು ಉಳ್ಕೊಂಡು ಕಲೀತಾರೆ. ಮಳವಳ್ಳಿ, ಮದ್ದೂರಿನ ಡಿಗ್ರಿ ಕಾಲೇಜುಗಳಿಂದ ಎನ್‌ಎಸ್‌ಎಸ್ ಕ್ಯಾಂಪಿನೋರು ಬಂದು ಚರಂಡಿ ಗುಡಿಸಿ ಹೋಯ್ತಾರೆ. ಪೊರಕೆ ನಮ್ಮ ಹತ್ರಾನೂ ಅದೆ. ಬಿ.ಕಾಂ. ಮಕ್ಕಳು ಒಂದು ದಿನ ನಮ್ಮ ಬುಕ್ಕು ಬಿಚ್ಚಿ ಕೂರಲಿ. ಸಂಡಿಗೆ ಲೆಕ್ಕದಲ್ಲಿ ಅಕ್ಕಿ, ಎಣ್ಣೆ, ಗ್ಯಾಸು, ಕವರು ಎಲ್ಲಾ ಇರ್ತದೆ. ಬಿಸಿಲಲ್ಲಿ ಕೂತು ಒತ್ತಿದ ಹೆಂಗಸರ ಕೂಲಿ ಇರಾಕಿಲ್ಲ. ಅದನ್ನೂ ಹಿಡಿದು ಕೆಜಿಗೆ ಎಷ್ಟು ಬೀಳ್ತದೆ ಅಂತ ಬರೆದು ತೋರಿಸಲಿ. ಆ ಲೆಕ್ಕದಿಂದ ಅವರಿಗೂ ಅಂಗಡಿ ಇಡೋದು ಹೆಂಗೆ ಅಂತ ತಿಳೀತದೆ. ಬುಕ್ಕು ಮಾತ್ರ ನಮ್ಮ ಹತ್ರಾನೇ ಇರಬೇಕು.